ತೊಂಬತ್ತೆರಡು ಅಂಕದ ಈಜುಗಾರ

ಮಗಳಿಗೆ ಈಜು ಕಲಿಸುವ ಟೀಚರಮ್ಮನ ಬಗ್ಗೆ ನನಗೊಂದು ಖಚಿತ ಅಭಿಪ್ರಾಯವಿತ್ತು: ಆಕೆಗೆ ಮೊಬೈಲ್ ಹುಚ್ಚು. ಮಕ್ಕಳು ನೀರಿನಲ್ಲಿ ಪಡಬಾರದ ಪಾಡು ಪಡುತ್ತಿದ್ದರೂ ದಡದಲ್ಲಿ ನಿಂತ ಆಕೆ ಮೊಬೈಲಿನಿಂದ ಕಣ್ಣು ಕೀಳುತ್ತಿರಲಿಲ್ಲ. ಒಂದು ದಿನ ಪಿತೃಸಹಜ ಗಾಂಭೀರ್ಯವನ್ನು (ಜೊತೆಗೆ ಹೊಟ್ಟೆಯನ್ನೂ) ಮುಂದೆ ಮಾಡಿಕೊಂಡು ವಿಚಾರಿಸಲು ಹೋದೆ.

ಆಕೆ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದರು. ಅದರಲ್ಲಿ ನನ್ನ ಮಗಳು ನಿಧಾನವಾಗಿ ಈಜುತ್ತಿದ್ದಳು. ಉಸಿರಿಗೆಂದು ತಲೆ ಎತ್ತಿದಾಗಲೆಲ್ಲ ಸೊಂಟ ಕೆಳಗಿಳಿಯುತ್ತಿತ್ತು. ಈಜಿನ ತಪ್ಪು ಹಿಡಿಯುವ ಆ್ಯಪೊಂದು ಅಲ್ಲಿ ಕೆಂಪು ಗೆರೆ ಎಳೆದು ನೂರಕ್ಕೆ ಅಂಕ ಕೊಟ್ಟಿತ್ತು: ನಲವತ್ತು.

"ಬಾಯಲ್ಲಿ ನೂರು ಸಲ ಹೇಳಿದೆ ಸಾರ್. ತನ್ನ ತಪ್ಪು ತಾನೇ ನೋಡಿದ್ರೆ ತಿದ್ಕೋತಾಳೆ. ಶನಿವಾರ ಆ ದಡ ಮುಟ್ಟದಿದ್ರೆ ಮತ್ತೆ ಪುಟಾಣಿಗಳ ಕ್ಲಾಸಿಗೇ ಕಳಿಸ್ಬೇಕಾಗುತ್ತೆ."

ಪುಟಾಣಿಗಳ ಜೊತೆ ನಿಲ್ಲುವುದಕ್ಕಿಂತ ಈಜನ್ನೇ ಬಿಡುತ್ತೇನೆಂದು ಮಗಳು ಆಗಲೇ ಘೋಷಿಸಿದ್ದಳು. ನಾನು ಸುಮ್ಮನಿರಲಾದೀತೇ? ಅದೇ ಆ್ಯಪು ಹಾಕಿಕೊಂಡೆ. ಅವಳಿಗೆ ಮಾದರಿಯಾಗಲೆಂದು ಮಂಚದ ಮೇಲೆ ಬೋರಲು ಮಲಗಿ ಕೈಕಾಲು ಬಡಿದೆ. ಹೆಂಡತಿ ವಿಡಿಯೋ ತೆಗೆದಳು.

"ಹಾಸಿಗೆ ಹರಿದೀತು ರೀ! ಬಕೆಟ್ಟಿಗಿಂತ ಹೆಚ್ಚು ನೀರು ಎಲ್ಲಿ ಕಂಡಿದ್ದೀರಿ ನೀವು?"

"ಅಂಕ ನೋಡೇ, ಅಂಕ!"

ತೊಂಬತ್ತೆರಡು! ಸೊಂಟ ಕೂದಲೆಳೆಯಷ್ಟೂ ಕೆಳಗಿಳಿದಿಲ್ಲವಂತೆ. ವಿಡಿಯೋವನ್ನು ಟೀಚರಮ್ಮನಿಗೂ ಕಳಿಸಿಬಿಟ್ಟೆ. ಮಗಳು ಮಾತ್ರ ನನ್ನ ಸಾಧನೆಯತ್ತ ತಿರುಗಿಯೂ ನೋಡದೆ ತನ್ನ ವಿಡಿಯೋವನ್ನೇ ಮತ್ತೆ ಮತ್ತೆ ನೋಡುತ್ತಾ ಕೂತಳು.

ಶನಿವಾರ ಅವಳು ನೀರಿಗಿಳಿದವಳೇ ದಡದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಅಪ್ಪಾ, ನೀನೂ ಬಾ. ನಿಂಗೆ ತೊಂಬತ್ತೆರಡು ಬಂದಿದೆಯಲ್ಲಾ?"

ಮಾನದ ಪ್ರಶ್ನೆ. ಇಳಿದೆ. ಅವಳು ಹೊರಟಳು. ಈ ಸಲ ತಲೆ ಎತ್ತಲಿಲ್ಲ, ಪಕ್ಕಕ್ಕೆ ಹೊರಳಿಸಿ ಉಸಿರೆಳೆದಳು. ಮತ್ತೊಮ್ಮೆ. ಮಗದೊಮ್ಮೆ. ದಡ ಮುಟ್ಟಿಯೇಬಿಟ್ಟಳು! ವಾರದಿಂದ ನನ್ನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಆ ಸಂಭ್ರಮದಲ್ಲಿ ನಾನೂ ಹೊರಟೆ, ನೇರವಾಗಿ ಕೆಳಕ್ಕೆ.

ನಾಲ್ಕು ಗುಟುಕು ನೀರು ಕುಡಿದು, ಮಾಡಿದ ಪಾಪಗಳನ್ನೆಲ್ಲ ನೆನೆಯುತ್ತಿದ್ದಾಗ ಮಗಳ ಕೂಗು ಕೇಳಿಸಿತು: "ಅಪ್ಪಾ, ಎದ್ದು ನಿಂತ್ಕೋ! ಸೊಂಟದಷ್ಟೇ ನೀರಿರೋದು!"

ನಿಂತೆ. ಸೊಂಟದಷ್ಟೇ. ಸದ್ಯ, ನಾನು ಬದುಕಿದೆ, ಅವಳು ಪಾಸಾದಳು. ಕೆಮ್ಮುತ್ತಲೇ ಕೇಳಿದೆ, "ಅಲ್ಲ ಮೇಡಂ, ತೊಂಬತ್ತೆರಡು ತಗೊಂಡವನು ಮುಳುಗಿದ್ದಾದ್ರೂ ಹೇಗೆ?"

ಟೀಚರಮ್ಮ ಮೊಬೈಲಿನಿಂದ ಕಣ್ಣು ಕೀಳದೆಯೇ ಹೇಳಿದರು: "ಮಂಚ ಮುಳುಗಲ್ಲ ಸಾರ್."