ಸತ್ತ ಹೆಂಗಸಿಗೆ ಕೊಟ್ಟ ವಾಯಿದೆ

ವಯಸ್ಸಿಗೆ ತಕ್ಕ ಓದು ಅಂತ ಒಂದಿದೆಯಂತೆ. ನನ್ನ ಓರಗೆಯವರು ಪುರಾಣ ಹಿಡಿದಿದ್ದಾರೆ, ವಚನ ಹಿಡಿದಿದ್ದಾರೆ, ಏನೂ ಸಿಗದವರು ಪಂಚಾಂಗ ಹಿಡಿದಿದ್ದಾರೆ. ನಾನು ಮಾತ್ರ ಯುಗಾದಿಯಿಂದ ಈಚೆಗೆ ಐದು ಕಾದಂಬರಿ ಓದಿದೆ. ಐದೂ ಹೈಸ್ಕೂಲು ಹುಡುಗರಿಗಾಗಿ ಬರೆದಂಥವು. ನನಗೆ ಐವತ್ತೆರಡು. ಲೈಬ್ರರಿಯಲ್ಲಿ ಆ ಪುಸ್ತಕಗಳು ಕಪಾಟಿನ ಕೆಳಗಿನ ಸಾಲಿನಲ್ಲಿವೆ, ಹುಡುಗರ ಎತ್ತರಕ್ಕೆ. ಮೊದಲ ಸಲ ಮಂಡಿಯೂರಿ ಹುಡುಕುತ್ತಿದ್ದಾಗ ಲೈಬ್ರರಿಯವರು ಮೇಜಿನಾಚೆಯಿಂದ ಬಗ್ಗಿ, "ಏನ್ ಬಿದ್ದೈತ್ರಿ ಬಸಣ್ಣಾರ?" ಎಂದರು. "ಮೊಮ್ಮಗಳಿಗೆ ಒಂದು ಪುಸ್ತಕ ಬೇಕಾಗಿತ್ರಿ" ಅಂದುಬಿಟ್ಟೆ. ನಮಗೆ ಮಕ್ಕಳೇ ಇಲ್ಲ. ಅವರು ಈಗಲೂ ನಾನು ಹೋದಾಗಲೆಲ್ಲ ಮೊಮ್ಮಗಳ ಓದು ವಿಚಾರಿಸುತ್ತಾರೆ. ಜೂನಿನಲ್ಲಿ ಅವಳನ್ನು ಎಂಟರಿಂದ ಒಂಬತ್ತಕ್ಕೆ ಪಾಸು ಮಾಡಿಸಿದ್ದೇನೆ.

ಹರಪನಹಳ್ಳಿಯ ಕೋರ್ಟಿನಲ್ಲಿ ನಾನು ಜವಾನ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ನನ್ನ ಕೆಲಸ. ಹೋಟೆಲಿನಲ್ಲಿ ಚಾ ಕುಡಿಯುತ್ತ ಕೂತವರು ನನ್ನ ಕೂಗಿಗೆ ಬಸಿ ಅಲ್ಲೇ ಬಿಟ್ಟು ಓಡಿ ಬರುತ್ತಾರೆ. ಓದುವುದು ನನ್ನ ಹೆಂಡತಿ ಕೊಟ್ರಮ್ಮನ ಬಾಬತ್ತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ನನ್ನ ಅವ್ವನಿಗೆ ಓದಿ ಹೇಳುತ್ತಿದ್ದಳು. ಅವ್ವನಿಗೆ ಅಕ್ಷರ ಬಾರದು, ದೊಡ್ಡವರ ಕಾದಂಬರಿ ಸೇರದು. "ಮದುವಿ ಆಗ್ಲೋ ಬ್ಯಾಡೋ ಅಂತ ಮುನ್ನೂರು ಪುಟ ಕುಂತಲ್ಲೇ ಕುಂದರ್ತಾರ. ಹುಡುಗರು ಪಾಡ, ಎದ್ದು ಎಲ್ಲ್ಯಾರ ಹೋಗ್ತಾವ" ಎನ್ನುವಳು. ಈ ಸಲ ಸಂಕ್ರಾಂತಿ ಆದ ಎಂಟು ದಿನಕ್ಕೆ ಕೊಟ್ರಮ್ಮ ತೀರಿಕೊಂಡಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ ಅವ್ವ ಏಳಲೇ ಇಲ್ಲ. ಅಂಬಲಿ ಕುಡಿಸಿದರೆ ಎರಡು ಗುಟುಕು, ಮಾತಾಡಿಸಿದರೆ ಅದೂ ಇಲ್ಲ. ಡಾಕ್ಟರು ನೋಡಿ, "ರೋಗ ಏನಿಲ್ಲ, ಎಬ್ಬಿಸಿ ಕೂಡ್ರಿಸಿ. ಹೀಗೇ ಮಲಗಿದರೆ ಕಷ್ಟ" ಎಂದರು. ಹೇಗೆ ಎಬ್ಬಿಸಬೇಕೆಂದು ಹೇಳಲಿಲ್ಲ. ಆ ಮನೆಯಲ್ಲಿ ನನಗೆ ಉಳಿದದ್ದು ಅವ್ವ ಒಬ್ಬಳೇ. ಬೇರೆ ದಾರಿ ತೋಚದೆ ಸಂಜೆ ಕೋರ್ಟಿನಿಂದ ಬಂದು ಪುಸ್ತಕ ಹಿಡಿದೆ.

ಮೊದಲನೆಯದು ಮೂವರು ಹುಡುಗರು ಕಳ್ಳರ ಬೆನ್ನು ಹತ್ತಿ ಗುಹೆ ಹೊಗುವ ಕಥೆ, ಅವ್ವನಿಗೆ ಹಿಂದೆ ಬಹಳ ಮೆಚ್ಚಾಗಿದ್ದದ್ದು. ನಾಯಕನ ಹೆಸರು ಬಂತು, ಓದಿದೆ. ಅವ್ವ ಗೋಡೆ ಬಿಟ್ಟು ಈ ಕಡೆ ಹೊರಳಿದಳು. "ಯಾಕಲೇ ಒದರ್ತಿ? ಆ ಹುಡುಗ ಏನ್ ಕಟಕಟ್ಯಾಗ ನಿಂತಾನ?" ತಿಂಗಳುಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು. ಬೈಗುಳವಾದರೂ ನನಗೆ ಹಬ್ಬವಾಯಿತು. ದನಿ ತಗ್ಗಿಸಿ, ಹುಡುಗರು ಇಡ್ಲಿ ತಿಂದು ಸಮುದ್ರದ ದಡಕ್ಕೆ ಹೊರಟರು ಎಂದು ಓದಿದೆ.

"ತಪ್ಪು ಓದಬ್ಯಾಡ. ಮಂಡಕ್ಕಿ ಮಿರ್ಚಿ ತಿಂದು ಹಲವಾಗಲು ಹೊಳಿಗೆ ಹೋದ್ರು."

"ಇಲ್ಲಿ ಸಮುದ್ರ ಅಂತ ಐತಬೇ."

"ನಾ ಎರಡು ಸಲ ಕೇಳೀನಿ. ಕೊಟ್ರಮ್ಮ ನಿನ್ನಂಗ ಕಾಗುಣಿತ ಬಿಟ್ಟು ಓದಾಕಿ ಅಲ್ಲ."

ಅವ್ವನ ತಲೆ ಕೆಟ್ಟಿತೇನೋ ಎಂದು ಹೆದರಿದೆ. ನಾಲ್ಕು ಪುಟ ದಾಟುವುದರಲ್ಲಿ ನಿಜ ಹೊಳೆಯಿತು. ಕೊಟ್ರಮ್ಮನ ತವರು ಹಲವಾಗಲು. ಯಾರು ಯಾವ ಊರಲ್ಲಿ ಕೂತು ಬರೆದ ಕಾದಂಬರಿಯೇ ಆಗಲಿ, ಅವಳ ಬಾಯಿಗೆ ಬಂದರೆ ತುಂಗಭದ್ರೆಯ ದಂಡೆಗೆ ಬಂದುಬಿಡುತ್ತಿತ್ತು. ಅಲ್ಲಿಯ ಹುಡುಗರು "ಬನ್ನಿ, ಕುಳಿತುಕೊಳ್ಳಿ" ಅಂದರೆ ಇವಳು "ಬರ್ರಿ, ಕುಂದರ್ರಿ" ಎಂದು ಓದುತ್ತಿದ್ದಳು. ಭಾನುವಾರ ಭಾನುವಾರ ಅಲ್ಲೇ ಪಕ್ಕದಲ್ಲಿ ಮಲಗಿ ಕೇಳಿದವನು ನಾನು. ಕೇಳಿದೆ ಎಂದರೆ ಗೊರಕೆ ಹೊಡೆದೆ ಎಂದರ್ಥ.

ಅವಳ ದಾರಿಯನ್ನೇ ಹಿಡಿದೆ. ಎರಡನೆಯದು ಸೈಕಲ್ ಕಲಿಯುವ ಹುಡುಗಿಯ ಕಥೆ. ನನಗೇ ಬಹಳ ಹಿಡಿಸಿತು. ಹುಡುಗಿಯನ್ನು ಅರಸೀಕೆರೆ ರಸ್ತೆಗೆ ಹತ್ತಿಸಿ ಗಾಳಿಯಂತೆ ಓಡಿಸಿದೆ. ಅವ್ವ ಮೊಣಕೈ ಊರಿ ಎದ್ದು ಕೂತು, "ಆ ರಸ್ತಿ ಕಂಡೀಯೇನು? ಬರೇ ತಗ್ಗು. ಹಂಗ ಬಿಟ್ರ ಹಲ್ಲು ಉದುರ್ತಾವ" ಎಂದು ಜಗಳಕ್ಕೆ ಬಂದಳು. ಮೂರನೆಯದಕ್ಕೆ ಗೋಡೆಗೆ ಒರಗಿ ಕೂತಳು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಒಂದು ಇಡೀ ರೊಟ್ಟಿ ತಿನ್ನುತ್ತಿದ್ದಳು. ದಾವಣಗೆರೆಯಲ್ಲಿ ಟೀವಿ ಬಂದಿದೆಯಂತೆ. ನಮ್ಮ ಮನೆಗೆ ಅದರ ಅಗತ್ಯ ಕಾಣಲಿಲ್ಲ.

ಆಗ ಅವ್ವ ಐದನೆಯದನ್ನು ಕೇಳಿದಳು. ಅದು ಮನೆಯಲ್ಲೇ ಇತ್ತು, ಕೊಟ್ರಮ್ಮ ಅರ್ಧಕ್ಕೆ ಬಿಟ್ಟದ್ದು. ಸಾವಿನ ಮನೆಯೆಂದು ಲೈಬ್ರರಿಯವರು ವಾಪಸು ಕೇಳಿರಲಿಲ್ಲ. ಪುಟದ ನಡುವೆ ಅವಳಿಟ್ಟ ಕಸಬರಿಗೆ ಕಡ್ಡಿ ಹಾಗೇ ಇತ್ತು. ಹದಿಮೂರು ವರ್ಷದ ಒಬ್ಬ ಹುಡುಗ, ಜ್ವರದಲ್ಲಿ ಮಲಗಿದ ಅವನ ತಾಯಿ. ಓದುತ್ತ ಓದುತ್ತ ಕಣ್ಣು ಮುಂದಿನ ಪುಟಕ್ಕೆ ಓಡಿತು: ತಾಯಿ ಸಾಯುತ್ತಾಳೆ. ಇದನ್ನು ಓದಿದರೆ ಅವ್ವ ಮತ್ತೆ ಗೋಡೆಗೆ ತಿರುಗುತ್ತಾಳೆ, ಈ ಸಲ ತಿರುಗಿದರೆ ಏಳುವುದಿಲ್ಲ. ಕೋರ್ಟಿನಲ್ಲಿ ಬೇಡವಾದ ತೀರ್ಪು ಬರುವಂತಿದ್ದರೆ ವಕೀಲರು ವಾಯಿದೆ ಕೇಳಿ ದಿನ ಮುಂದೆ ಹಾಕಿಸುತ್ತಾರೆ. ಅಷ್ಟು ವರ್ಷ ಬಾಗಿಲಲ್ಲಿ ನಿಂತು ಕಲಿತದ್ದು ಅದೊಂದೇ. ಒಂದು ದಿನ ಗಂಟಲು ಕೆಟ್ಟಿತೆಂದೆ, ಮರುದಿನ ಕನ್ನಡಕ ಕಾಣುತ್ತಿಲ್ಲವೆಂದೆ. ಮೂರನೆಯ ದಿನ ಕನ್ನಡಕ ನನ್ನ ಮೂಗಿನ ಮೇಲೇ ಇರುವುದನ್ನು ಅವ್ವ ತೋರಿಸಿದಳು. ವಿಧಿಯಿಲ್ಲದೆ ಆ ತಾಯಿಯ ಜ್ವರ ಇಳಿಸಿ, ಗಂಜಿ ಕುಡಿಸಿಬಿಟ್ಟೆ.

ಬದುಕಿಸುವುದು ಸುಲಭ, ಆಮೇಲೆ ಸಾಕುವುದು ಕಷ್ಟ. ಮುಂದಿನ ಅಧ್ಯಾಯದಲ್ಲಿ ಹುಡುಗ ಒಬ್ಬನೇ ಬಸ್ಸು ಹತ್ತಿ ಸೋದರಮಾವನ ಮನೆಗೆ ಹೊರಟ.

"ಅವರವ್ವ ಬಸ್ ಸ್ಟ್ಯಾಂಡಿಗೆ ಬರಲಿಲ್ಲೇನು?"

"ಮಲಗ್ಯಾಳ."

ಅಲ್ಲಿ ಅತ್ತೆ ಅವನಿಗೆ ಅರ್ಧ ರೊಟ್ಟಿ ಹಾಕಿದಳು. "ಅವ್ವಗ ಒಂದು ಕಾಗದ ಬರಿಯಾಕ ಹೇಳಲೇ ಅವನಿಗೆ" ಎಂದಳು ಅವ್ವ.

"ಬರದಾನ."

"ಏನಂತ ಜವಾಬು ಬಂತು?"

ಸುಮ್ಮನೆ ಎರಡು ಪುಟ ತಿರುವಿದೆ. "ಇನ್ನಾ ಬಂದಿಲ್ಲ."

"ಎಂಥಾ ತಾಯಿಯಲೇ ಅಕಿ! ನಾಯಿ ಸೈತ ಮರಿ ಹಿಂದ ಹೋಗ್ತೈತಿ."

ಸತ್ತ ಹೆಂಗಸನ್ನು ಬದುಕಿಸಲು ಹೋಗಿ ನಾನು ಅವಳ ಮರ್ಯಾದೆ ಕಳೆದಿದ್ದೆ. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದೆ. ಅವ್ವ ಅದನ್ನು ಕೈಯಿಂದ ಕೆಳಗಿಳಿಸಿದಳು.

"ಬಸಣ್ಣ, ಅಕಿ ಸತ್ತಾಳೇನು?"

"ಹೂಂ."

"ಯಾವಾಗ?"

"ಹೋದ ಸೋಮವಾರ."

"ಹಿಂದಕ ತಿರುವಿ ಓದು. ಪಾಪ, ಆ ಹುಡುಗ ಅತ್ತಿದ್ದನ್ನ ನಾವಿಬ್ಬರೂ ಕೇಳೇ ಇಲ್ಲ."

ಓದಿದೆ, ಇದ್ದದ್ದು ಇದ್ದಹಾಗೆ. ಹುಡುಗ ಎರಡು ಪುಟ ಅತ್ತ. ಪಕ್ಕದ ಮನೆಯವರು ಕೊಟ್ಟ ಅನ್ನ ಉಂಡ, ಮಲಗಿದ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗೋಡೆಯ ಕಡೆ ತಿರುಗಲಿಲ್ಲ.

"ನೀನೂ ಹಿಂಗ ಒಂದ್ಸಲ ಅತ್ತಿದ್ದರ ನನಗ ಈ ಕಾಟ ತಪ್ತಿತ್ತು."

"ಯಾವ ಕಾಟಬೇ?"

"ಅಕಿ ಹೋದಾಗಿಂದ ಕೋರ್ಟಿಂದ ಬಂದು ಕಲ್ಲಿನಂಗ ಕುಂದರ್ತಿದ್ದಿ. ಪುಸ್ತಕ ಹಿಡದಾಗಷ್ಟ ಬಾಯಿ ಬಿಟ್ಟಿ. ಇವ ಉಳಿಯಲಿ ಅಂತ ಎದ್ದು ಕುಂತೆ. ಇಲ್ಲಂದ್ರ ನಿನ್ನ ಓದು ಕೇಳಾಕ ಯಾರಿಗಲೇ ಆಸಿ ಇರ್ತೈತಿ?"

ಅಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ಗಳಗಳ ಅಳು ಬಂತು. ಕೊಟ್ರಮ್ಮನಿಗಾಗಿಯೋ, ನನ್ನ ಓದಿನ ಬಗ್ಗೆ ಅವ್ವ ಆಡಿದ ಆ ಕೊನೆಯ ಮಾತಿಗೋ, ಈಗಲೂ ಖಚಿತವಾಗಿ ಹೇಳಲಾರೆ.