ಮಾವನವರ ಗಡಿಯಾರ, ನನ್ನ ಪೆಟ್ಟಿಗೆ

ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ವಿಕಿರಣ ಅಳೆದವನಿಗೆ ಸ್ವಂತ ಮನೆಯಲ್ಲಿ ಮೂರು ಕಾಸಿನ ಕಿಮ್ಮತ್ತಿಲ್ಲ ಎಂಬುದು ನನ್ನ ಹಳೆಯ ದೂರು. ಅಲ್ಲಿ ಹಾಗಿರಲಿಲ್ಲ. ಚಿಕಿತ್ಸೆಯ ಕೋಣೆಗೆ ನಾನು ವಿಕಿರಣ ಅಳೆಯುವ ಪೆಟ್ಟಿಗೆ ಹಿಡಿದು ಬಂದೆನೆಂದರೆ ದೊಡ್ಡ ಡಾಕ್ಟರೂ ಬಾಗಿಲಲ್ಲೇ ನಿಲ್ಲುತ್ತಿದ್ದರು. ಹತ್ತೇ ಸೆಕೆಂಡು, ಕರಾರುವಾಕ್ಕಾದ ಅಳತೆ. ನಾನು ತಲೆಯಾಡಿಸಿದ ಮೇಲೇ ಅವರು ಒಳಗೆ ಕಾಲಿಡಬೇಕು. (ಮನೆಯಲ್ಲೂ ತಲೆಯಾಡಿಸುವವನು ನಾನೇ. ಆದರೆ ಅಪ್ಪಣೆಯಾದ ಮೇಲೆ.)

ನಿವೃತ್ತಿಯ ದಿನ ಗೆಳೆಯರು ಆ ಹಳೇ ಪೆಟ್ಟಿಗೆಯನ್ನೇ ಉಡುಗೊರೆ ಕೊಟ್ಟರು. ವಿಕಿರಣ ಹೆಚ್ಚಿಲ್ಲದಾಗ ಅದು ನಿಧಾನಕ್ಕೆ ಹೇಳುವ 'ಟಕ್... ಟಕ್' ಕೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಪೆಟ್ಟಿಗೆಯ ಅಡಿಯಲ್ಲಿ ಅಂಗಿಯ ಗುಂಡಿಯಷ್ಟಗಲದ ಒಂದು ಬಿಲ್ಲೆಯಿದೆ, ಅದರಲ್ಲಿ ಚೂರೇ ಚೂರು ವಿಕಿರಣವಿದೆ. ಬೆಳಗ್ಗೆ ಅದರ ಮುಚ್ಚಳ ಸರಿಸಿ, ಯಂತ್ರಕ್ಕೆ ಜೀವವಿದೆ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಮುಚ್ಚುವುದು ನಮ್ಮ ಕಸುಬಿನ ಪದ್ಧತಿ.

ಮೊನ್ನೆ ಆ ಶಾಸ್ತ್ರದ ನಡುವೆಯೇ ನನಗೊಂದು ದಿವ್ಯ ಆಲೋಚನೆ ಹೊಳೆಯಿತು. ಹಾಸಿಗೆಯ ಪಕ್ಕ ಮಾವನವರ ಕಾಲದ ಅಲಾರಾಂ ಗಡಿಯಾರವಿದೆಯಲ್ಲ? ಆಗೆಲ್ಲ ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೆ ವಿಕಿರಣ ಸೂಸುವ ರೇಡಿಯಂ ಬಳಿಯುತ್ತಿದ್ದರು. ಪೆಟ್ಟಿಗೆ ಎತ್ತಿಕೊಂಡು ಓಡಿದೆ. ಗಡಿಯಾರದ ಮುಂದೆ ಅದು ಪಟಪಟನೆ ಬಡಿದುಕೊಂಡಿತು.

"ನೋಡು, ಇದು ಈ ಮನೇಲಿರಬಾರ್ದು. ಇವತ್ತೇ ಸಾಗಹಾಕ್ಬೇಕು" ಎಂದೆ.

ನನ್ನಾಕೆ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. "ನಮ್ಮಪ್ಪ ಕೊಟ್ಟಿದ್ದು ಅಂತ ತಾನೇ?"

"ಯಂತ್ರಕ್ಕೆ ಅತ್ತೆ ಮಾವ ಅಂತೆಲ್ಲ ಇರಲ್ಲ ಕಣೇ."

"ನಾನು ಕೆಲಸಕ್ಕೆ ಸೇರಿದಾಗ, ಬೇಗ ಏಳು ಮಗಳೇ ಅಂತ ಕೈಯಲ್ಲಿಟ್ಟಿದ್ರು. ಅಪ್ಪಂದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ." ಆದರೆ ಕರ್ತವ್ಯ ದೊಡ್ಡದೆಂದು ಗಡಿಯಾರವನ್ನು ಚೀಲಕ್ಕೆ ಹಾಕಿದೆ.

ಅವಳು ಚೀಲ ಕಿತ್ತುಕೊಂಡು ಹೋಗಿ ಗೇಟಿನಾಚೆ ಇಟ್ಟು ಬಂದಳು. "ರೀ, ಈಗ ಗಡಿಯಾರ ಇಲ್ಲಿಲ್ಲ. ಖಾಲಿ ಜಾಗ ಅಳೆದ್ರಾ? ಮೊದಲು ಖಾಲಿ ಜಾಗ, ಆಮೇಲೆ ವಸ್ತು ಅಂತ ಊಟಕ್ಕೆ ಕೂತಾಗೆಲ್ಲ ನನ್ನ ಕಿವಿ ಕೊರೆದೋರು ನೀವೇ."

ಅಳೆದಿರಲಿಲ್ಲ. ಖಾಲಿ ಮೇಜಿನ ಮೇಲೆ ಹಿಡಿದೆ, ಪಟಪಟ. ಗೋಡೆಗೆ ಹಿಡಿದೆ, ಪಟಪಟ. ನನ್ನ ಹೊಟ್ಟೆಗೇ ಹಿಡಿದುಕೊಂಡೆ, ಅದೇ ಪಟಪಟ. ಅವಳು ಪೆಟ್ಟಿಗೆ ಮಗುಚಿದಳು. ಬಿಲ್ಲೆಯ ಮುಚ್ಚಳ ತೆರೆದೇ ಇತ್ತು.

"ತನ್ನೆಲೇಲಿ ಹೆಗ್ಗಣ ಬಿದ್ದಿದ್ರೂ..." ಎಂದಳು. ಗಾದೆ ಪೂರ್ತಿ ಮಾಡಲಿಲ್ಲ, ಪುಣ್ಯಾತ್ಗಿತ್ತಿ.

ಮುಚ್ಚಳ ಹಾಕಿ, ಗೇಟಿನಾಚೆಯಿಂದ ಗಡಿಯಾರ ತಂದು ಅಳೆದೆ. ಟಕ್... ಟಕ್. ಏನೇನೂ ಇಲ್ಲ. "ಹಾಗಾದ್ರೆ ರೇಡಿಯಂ ಎಲ್ಲಿ ಹೋಯ್ತು?"

"ಮದುವೆಯಾದ ವರ್ಷ ನೀವೇ ಅಳೆದು, ಇದು ನಿನ್ನ ತಲೆ ಪಕ್ಕ ಬೇಡ ಅಂದ್ರಿ. ಇಡೀ ಭಾನುವಾರ ಗಡಿಯಾರದಂಗಡೀಲಿ ಕೂತು ಅಂಕಿ, ಮುಳ್ಳು ಎಲ್ಲ ಬದಲಾಯಿಸ್ಕೊಂಡು ಬಂದ್ರಿ. ಕತ್ತಲಲ್ಲಿ ಗಂಟೆ ಕಾಣಲ್ವಲ್ಲ ಅಂದ್ರೆ, ನಾನಿದ್ದೀನಲ್ಲ ಕೇಳು ಅಂದಿದ್ರಿ." ಗಡಿಯಾರದ ಗಾಜನ್ನು ಸೆರಗಿನಿಂದ ಒರೆಸಿದಳು. "ಎಲ್ಲಾ ಮರೆತ್ರಿ."

ನಿಜಕ್ಕೂ ಮರೆತಿದ್ದೆ. ಆ ಭಾನುವಾರ, ಆ ಅಂಗಡಿಯ ಪುಟ್ಟ ಸ್ಟೂಲು, ಮನೆಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಇವಳ ಆಗಿನ ಮುಖ, ಎಲ್ಲ ಒಟ್ಟಿಗೇ ನೆನಪಾಗಿ ಕಣ್ಣು ಮಂಜಾದವು. ಇನ್ನೇನು ಅವಳ ಕೈ ಹಿಡಿಯಬೇಕು, ಅಷ್ಟರಲ್ಲಿ ಅವಳು ಖಾಲಿ ಚೀಲವನ್ನು ನನ್ನ ಕೈಗಿಟ್ಟಳು.

"ವಿಕಿರಣ ಇರೋದು ಮನೇಲಿರಬಾರ್ದು, ಇವತ್ತೇ ಸಾಗಹಾಕ್ಬೇಕು ಅಂದೋರು ಯಾರು?"

ತಲೆಯಾಡಿಸಿದೆ. ಪೆಟ್ಟಿಗೆ ಅಂದೇ ಆಸ್ಪತ್ರೆಗೆ ವಾಪಸಾಯಿತು. ಈಗ ಮಾವನವರ ಗಡಿಯಾರ ಊಟದ ಮೇಜಿನ ಮೇಲಿದೆ. ಅದರ ಟಿಕ್ ಟಿಕ್ ಕೇಳಿಕೊಂಡೇ ಊಟ ಮಾಡುತ್ತೇನೆ. ದಿನಾ ಅದಕ್ಕೆ ಕೀ ಕೊಡುವವನೂ ನಾನೇ.