ಕಂಬಕ್ಕೆ ಕಟ್ಟಿದ ಹಾಡು

ಎಷ್ಟೋ ದೇಶಗಳ ಗ್ರಂಥಾಲಯಗಳಲ್ಲಿ ಮರ್ಯಾದೆಯಾಗಿ ಕೂತು ಎದ್ದು ಬಂದವಳು ನಾನು. ಅಲ್ಲೆಲ್ಲೂ ಏನೂ ಆಗಲಿಲ್ಲ. ಆಗುವುದೆಲ್ಲ ನಮ್ಮ ಮಂಡ್ಯ ಸೀಮೆಯಲ್ಲೇ. ನನ್ನ ಸಂಶೋಧನೆ, ಹಳ್ಳಿಗಳಿಗೆ ಮೊದಲು ಕರೆಂಟು ಬಂದ ಕಥೆ. ಮಂಡ್ಯದ ಗೈಡು ಸಾರ್, ನನಗಿಂತ ಚಿಕ್ಕವರು, ಖಡಾಖಂಡಿತ ಹೇಳಿಬಿಟ್ಟಿದ್ದರು: "ಕಣ್ಣಾರೆ ಕಂಡವರ ಮಾತು ತನ್ನಿ ಮೇಡಂ. ಪ್ರಾಥಮಿಕ ಮೂಲ ಇಲ್ಲದಿದ್ದರೆ ಈ ಅಧ್ಯಾಯವನ್ನೇ ಕಿತ್ತುಹಾಕ್ತೀನಿ."

೧. ಮದ್ದೂರಿನ ವಡೆ

ಮದ್ದೂರಿನಲ್ಲಿ ವಡೆ ಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ಪಕ್ಕದ ಹೆಂಗಸು ವಿಚಾರಿಸಿದರು, "ಎಲ್ಲಿಗಮ್ಮ ಒಂಟಿದ್ದೀರಿ?"

"ಪ್ರಾಥಮಿಕ ಮೂಲಕ್ಕೋಸ್ಕರ ಅಲೀತಿದ್ದೀನಿ."

ಅವರ ಮುಖ ಮೆತ್ತಗಾಯಿತು. "ಪ್ರಾಥಮಿಕ ಅಂದ್ರೆ ಇನ್ನೂ ಸುರು ಅಷ್ಟೇ ತಾನೆ? ಎದರ್ಕಬ್ಯಾಡಿ. ಕಾರ ಬುಟ್ಬುಡಿ, ಮಜ್ಜಿಗೆ ಕುಡೀರಿ. ನಮ್ಮೆಜಮಾನ್ರಿಗೂ ಇತ್ತು, ಕೂರಕ್ಕೇ ಆಯ್ತಿರ್ನಿಲ್ಲ." ಹಾಗಂದವರೇ ನನ್ನ ಕೈಲಿದ್ದ ವಡೆ ಕಿತ್ತುಕೊಂಡು ತಾವೇ ತಿಂದರು.

೨. ಕಣ್ಣಾರೆ ಕಂಡವರು

ಬೆಳಕವಾಡಿಯಲ್ಲಿ ಜಗಲಿ ಮೇಲೆ ಕೂತಿದ್ದ ಯಜಮಾನರೊಬ್ಬರು, ಕಣ್ಣಾರೆ ಕಂಡೆ ಎನ್ನುತ್ತಾ, ಮೊದಲ ದೀಪ ಹತ್ತಿದ ಸಂಜೆಯನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು. ಸ್ವಿಚ್ಚಿಗೆ ಕುಂಕುಮ ಇಟ್ಟಿದ್ದು, ಬಲ್ಬಿಗೆ ಆರತಿ ಎತ್ತಿದ್ದು, ಒಂದೂ ಬಿಡಲಿಲ್ಲ.

"ಆಗ ನಿಮಗೆಷ್ಟು ವಯಸ್ಸು?"

"ನಾನಿನ್ನೂ ಉಟ್ಟೇ ಇರ್ನಿಲ್ಲ."

"ಕಣ್ಣಾರೆ ಕಂಡೆ ಅಂದ್ರಲ್ಲ?"

"ಕಂಡಿವ್ನಿ ಕಣಮ್ಮ, ನಮ್ಮಪ್ಪನ್ನ! ದೀಪ ಕಂಡೋನು ಅವ್ನು. ಅವನ್ನ ಕಣ್ಣಾರೆ ಕಂಡೋನು ನಾನು."

೩. ಪೂರಿಗಾಲಿಯ ಹಾಡು

ಕೊನೆಗೆ ಪೂರಿಗಾಲಿಯಲ್ಲಿ ಒಬ್ಬರು ಅಜ್ಜಿ ಸಿಕ್ಕರು. ಊರಿಗೆ ಕರೆಂಟು ಬಂದಾಗ ಲಂಗ ಹಾಕುವ ವಯಸ್ಸಂತೆ. "ದೀಪ ಅತ್ಕಂಡಾಗ ಎಲ್ರೂ ಕೈ ಮುಗುದ್ರು ಕಣವ್ವ. ನಮ್ಮಪ್ಪ ಮಾತ್ರ ಓಗಿ ಕಂಬಕ್ಕೆ ಒಂದ್ ಆಡು ಕಟ್ಬುಟ್ಟ!"

ನನಗೆ ರೋಮಾಂಚನ. ಕರೆಂಟು ಕಂಬಕ್ಕೂ ಹಾಡು ಕಟ್ಟಿದ ಜನಪದ ಕವಿ! ಸುದ್ದಿ ಕೇಳಿದ ಸಾರ್, "ಅಧ್ಯಾಯ ಗೆದ್ದಿತು ಮೇಡಂ" ಎಂದು ತಾವೇ ನನ್ನ ಜೊತೆ ಹೊರಟು ಬಂದು ಅಜ್ಜಿಯ ಮುಂದೆ ಮೊಬೈಲು ಹಿಡಿದರು.

"ಅಜ್ಜಿ, ನಿಮ್ಮಪ್ಪ ಕಟ್ಟಿದ ಹಾಡು ಹೇಗಿತ್ತು?"

"ಕರ್ರಗಿತ್ತು."

ಸಾರ್ ನನ್ನ ಕಡೆ ನೋಡಿದರು. "ಅಂದ್ರೆ, ಹೇಗೆ ಶುರುವಾಗ್ತಿತ್ತು?"

"ಮ್ಯಾ ಅಂತ."

"ಮ್ಯಾ... ಸರಿ. ಮುಂದೆ?"

"ಮುಂದೇನ್ ಸಾಮಿ? ಅಬ್ಬಕ್ಕೆ ಕುಯ್ಕಂಡು ತಿಂದ್ವು!"

ಅಧ್ಯಾಯ ಹೋಯಿತೆಂದುಕೊಂಡೆ. ಸಾರ್ ನಿಧಾನವಾಗಿ ಮೊಬೈಲು ಜೇಬಿಗಿಟ್ಟರು.

"ಅಧ್ಯಾಯ ಇರಲಿ ಮೇಡಂ. ಇದಕ್ಕಿಂತ ಪ್ರಾಥಮಿಕ ಮೂಲ ಎಲ್ಲಿ ಸಿಗುತ್ತೆ? ಕಂಡವರಲ್ಲ, ತಿಂದವರೇ ಹೇಳ್ತಿದ್ದಾರೆ!"